ಅಟ್ಟದಿಂದ ಇಳಿದ ಸೇರು

ನಗರದ ಮನೆಗಳ ಪಡಸಾಲೆಗಳಲ್ಲಿ ಈಚೆಗೆ ಒಂದು ಹಳೆಯ ಅತಿಥಿಯ ದರ್ಶನವಾಗುತ್ತಿದೆ. ಅದು ಹಿತ್ತಾಳೆಯ ಸೇರು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಸಿದ್ದು. ಪಕ್ಕದಲ್ಲಿ ಅಚ್ಚೇರು, ಪಾವು, ಚಟಾಕುಗಳು ಎತ್ತರದ ಕ್ರಮದಲ್ಲಿ ಸಂಸಾರದಂತೆ ನಿಂತಿರುತ್ತವೆ. ಕೆಲವರು ಅದರಲ್ಲಿ ಹೂವಿಡುತ್ತಾರೆ, ಕೆಲವರು ಲೇಖನಿಗಳನ್ನಿಡುತ್ತಾರೆ. ಮೂವತ್ತು ನಲವತ್ತು ವರ್ಷ ಅಟ್ಟದ ಮೇಲೆ ಜೇಡರಬಲೆಯ ನಡುವೆ ಬೋರಲು ಬಿದ್ದಿದ್ದ ವಸ್ತುವಿಗೆ ಈ ಸನ್ಮಾನ ದೊರೆತಿರುವುದು ಸಂತೋಷದ ವಿಷಯವೇ. ಅಟ್ಟದಲ್ಲಿ ಸೇರು ಇಲ್ಲದ ಮನೆಯವರು ಹಳೆಯ ಸಾಮಾನಿನ ಅಂಗಡಿಗೆ ಹೋಗಿ ಕೊಂಡು ತರುತ್ತಾರೆ. ಕಲ್ಯಾಣಮಂಟಪಗಳಲ್ಲಂತೂ ಅದು ಬಾಡಿಗೆಗೂ ಸಿಗುತ್ತದೆ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ಬೆಲ್ಲ ತುಂಬಿದ ಸೇರು ಇರಲೇಬೇಕಷ್ಟೆ. ಒಂದು ಅಳತೆಯ ಪಾತ್ರೆ ಅಳೆಯುವ ಕೆಲಸದಿಂದ ನಿವೃತ್ತಿ ಹೊಂದಿದ ಮೇಲೆ ಮಾಡುತ್ತಿರುವ ಕೆಲಸಗಳು ಇವು.

ವಸ್ತುವಿನ ಸನ್ಮಾನಕ್ಕೆ ಯಾರ ಆಕ್ಷೇಪವೂ ಇರಬೇಕಾಗಿಲ್ಲ. ಪರಿಶೀಲಿಸಬೇಕಾದುದು ಆ ವಸ್ತುವಿನ ಜೊತೆಗೆ ಇಳಿದುಬಂದಿರುವ ಮಾತುಗಳನ್ನು. ಮದುವೆಮನೆಯ ಪಂಕ್ತಿಯಲ್ಲಿ, ಸಮಾಜದ ಸಭೆಗಳ ಭಾಷಣಗಳಲ್ಲಿ, ಅಂಗಡಿಗಳ ಸುವರ್ಣಮಹೋತ್ಸವದ ಸ್ಮರಣಸಂಚಿಕೆಗಳಲ್ಲಿ ಆ ಮಾತುಗಳು ಒಂದೇ ಅಚ್ಚಿನಿಂದ ಬರುತ್ತವೆ. ಆಗ ಸೇರಿನಲ್ಲಿ ಅಳೆಯುತ್ತಿದ್ದರು, ಮೋಸವಿರಲಿಲ್ಲ. ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಿದ್ದರು. ಗಿರಾಕಿಗೂ ಅಂಗಡಿಯವರಿಗೂ ನಂಬಿಕೆಯ ಸಂಬಂಧವಿತ್ತು. ಈಗ ಗ್ರಾಂ ಲೆಕ್ಕ ಬಂದು, ಯಂತ್ರದ ತಕ್ಕಡಿ ಬಂದು, ಪೊಟ್ಟಣಗಳು ಬಂದು ಎಲ್ಲವೂ ಕೆಟ್ಟಿತು. ಸಾರಾಂಶ ಇಷ್ಟೇ. ಕೇಳಲು ಹಿತವಾಗಿದೆ. ವರ್ತಕ ಮನೆತನಗಳ ಕಿವಿಗಂತೂ ಇನ್ನೂ ಹಿತ, ಏಕೆಂದರೆ ಈ ಕಥೆಯಲ್ಲಿ ಧರ್ಮಾತ್ಮನಾಗಿ ಬರುವವನು ಅವರ ಅಜ್ಜ.

ಹಿತವಾದ ಮಾತನ್ನು ಒರೆಗೆ ಹಚ್ಚುವ ಮೊದಲು ಒಂದು ಲೆಕ್ಕವನ್ನು ನೋಡಬಹುದು. ತೂಕದಲ್ಲಿ ಮೆಟ್ರಿಕ್ ಪದ್ಧತಿ ದೇಶಾದ್ಯಂತ ಕಡ್ಡಾಯವಾದುದು 1962ರ ಏಪ್ರಿಲ್‌ನಲ್ಲಿ. ಹಳ್ಳಿಗಳಲ್ಲಿ ಸೇರು ಪಾವುಗಳು ಮುಂದೆಯೂ ಬಹುಕಾಲ ನಡೆದವು, ಕಾಳು ಅಳೆಯುವ ಕೈಗಳು ಕಾಯಿದೆ ಬಂದ ಕೂಡಲೇ ತಮ್ಮ ಅಭ್ಯಾಸವನ್ನು ಬಿಡಲಿಲ್ಲವೆಂಬುದು ನಿಜ. ಆದರೂ ಪೇಟೆಯ ಅಂಗಡಿಯಲ್ಲಿ ಸೇರಿನಿಂದಲೇ ವ್ಯವಹಾರ ನಡೆಯುತ್ತಿದ್ದುದನ್ನು ತಿಳಿವಳಿಕೆ ಬಂದ ವಯಸ್ಸಿನಲ್ಲಿ ಕಂಡವರು ಇಂದು ಎಪ್ಪತ್ತೈದು ದಾಟಿದವರು. ಸೇರಿನ ಕಾಲವನ್ನು ಇಂದು ಅತ್ಯಂತ ಆರ್ದ್ರವಾಗಿ ವರ್ಣಿಸುವವರಲ್ಲಿ ಬಹುಮಂದಿ ಆ ವಯಸ್ಸಿನವರಲ್ಲ. ಅವರದು ನೆನಪಲ್ಲ, ನೆನಪಿನ ನೆನಪು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಕೇಳಿದ ಕಥೆಯನ್ನು ಸಾಕ್ಷ್ಯವೆಂದು ಮಂಡಿಸುವಾಗ ಸಾಕ್ಷಿಯ ವಯಸ್ಸನ್ನು ಕೇಳುವುದು ವ್ಯವಹಾರದ ರೀತಿ.

ಮೊದಲನೆಯ ಪ್ರಶ್ನೆ, ಸೇರು ಎಂದರೆ ಎಷ್ಟು? ಪಡಸಾಲೆಯ ಸೇರನ್ನು ತೋರಿಸುವ ಯಜಮಾನರನ್ನು ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, ಸುಮಾರು ಒಂದು ಕಿಲೋ ಎಂದು. ಉತ್ತರ ಇಷ್ಟು ಸರಳವಾಗಿಲ್ಲ. ಬ್ರಿಟಿಷ್ ಸರ್ಕಾರ ಪ್ರಮಾಣವೆಂದು ಹಿಡಿದ ಸೇರು 80 ತೊಲದ್ದು. ತೊಲಕ್ಕೆ 11.66 ಗ್ರಾಂ ಹಿಡಿದರೆ ಅದು ಸುಮಾರು 933 ಗ್ರಾಂ. ಅಂತಹ 40 ಸೇರು ಒಂದು ಮಣ, ಎಂದರೆ 37.3 ಕಿಲೋ. ಇದೇ ಸಮಯದಲ್ಲಿ ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲದ್ದು, ಎಂದರೆ ಕೇವಲ 280 ಗ್ರಾಂ. ಅದರ 40 ಸೇರಿನ ಮಣ 11.2 ಕಿಲೋ. ಹೆಸರು ಒಂದೇ, ತೂಕ ಮೂರು ಪಾಲಿಗಿಂತ ಹೆಚ್ಚು ವ್ಯತ್ಯಾಸ. ಇವು ತೂಕದ ಸೇರುಗಳು. ಅಕ್ಕಿ ರಾಗಿ ಅಳೆಯುತ್ತಿದ್ದ ಸೇರು ತೂಕದ್ದಲ್ಲ, ಪಾತ್ರೆಯ ಗಾತ್ರದ್ದು. ಅದರಲ್ಲಿ ತುಂಬಿದ ರಾಗಿಯ ತೂಕ ಬೇರೆ, ಅಕ್ಕಿಯ ತೂಕ ಬೇರೆ, ಭತ್ತದ ತೂಕ ಮತ್ತೂ ಬೇರೆ. ಮೇಲಿನ ಅಳತೆಗಳಾದ ಬಳ್ಳ, ಕೊಳಗ, ಖಂಡುಗಗಳಲ್ಲಿಯೂ ಇದೇ ಅವಸ್ಥೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕ ಸ್ಥಿರವಾಗಿತ್ತು, ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಹತ್ತು ಹರದಾರಿ ದೂರದ ಸಂತೆಗೆ ಹೋದ ರೈತನಿಗೆ ತನ್ನ ಮನೆಯ ಕೊಳಗ ಅಲ್ಲಿ ಎಷ್ಟಾಗುವುದೆಂದು ತಿಳಿಯಬೇಕಾದರೆ ಅಲ್ಲಿನ ವರ್ತಕನನ್ನೇ ಕೇಳಬೇಕಾಗಿತ್ತು. ನಂಬಿಕೆಯ ಸಂಬಂಧವೆಂದು ಇಂದು ಹೊಗಳುವ ವಿಷಯದಲ್ಲಿ ನಂಬದೆ ಬೇರೆ ಗತಿಯಿಲ್ಲದ ಅಂಶ ಎಷ್ಟಿತ್ತೆಂಬುದನ್ನು ಈ ಸಂಖ್ಯೆಗಳು ತಿಳಿಸುತ್ತವೆ.

ಪಾತ್ರೆಯ ಗಾತ್ರ ಸರಿಯಾಗಿದ್ದರೂ ಅಳೆಯುವ ಕೈ ಬೇರೊಂದು ಅಳತೆಯನ್ನು ಸೃಷ್ಟಿಸಬಲ್ಲದು. ಕಾಳನ್ನು ಮೆಲ್ಲಗೆ ಅಂಚಿನಿಂದ ಜಾರಿಸಿ ತುಂಬಿದರೆ ಸಡಿಲವಾಗಿ ನಿಲ್ಲುತ್ತದೆ, ಪ್ರಮಾಣ ಕಡಿಮೆ. ಎತ್ತರದಿಂದ ಸುರಿದು ಪಾತ್ರೆಯನ್ನು ಎರಡು ಬಾರಿ ನೆಲಕ್ಕೆ ಕುಟ್ಟಿದರೆ ಕಾಳು ಒತ್ತಾಗಿ ಕೂಡುತ್ತದೆ, ಪ್ರಮಾಣ ಹೆಚ್ಚು. ಕಂಠಮಟ್ಟಕ್ಕೆ ಸವರಿ ಅಳೆಯುವುದು ಒಂದು ಬಗೆ, ಮೇಲೆ ಗೋಪುರ ನಿಲ್ಲುವಂತೆ ಅಳೆಯುವುದು ಇನ್ನೊಂದು ಬಗೆ. ಗೋಪುರದ ಅಳತೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಒಳಗಿನ ಗಾತ್ರ ಒಂದೇ ಇರುವ ಎರಡು ಪಾತ್ರೆಗಳಲ್ಲಿ ಬಾಯಿ ಅಗಲವಾದುದರ ಮೇಲೆ ಹೆಚ್ಚು ಕಾಳು ನಿಲ್ಲುತ್ತದೆ, ಬಾಯಿ ಕಿರಿದಾದುದರ ಮೇಲೆ ಕಡಿಮೆ. ಒಂದು ಕಾಳನ್ನೂ ಕದಿಯದೆ, ಮುದ್ರೆಯೊತ್ತಿದ ಪಾತ್ರೆಗಳನ್ನೇ ಬಳಸಿ, ಕೊಳ್ಳುವಾಗ ಅಗಲಬಾಯಿಯದನ್ನೂ ಮಾರುವಾಗ ಕಿರಿಬಾಯಿಯದನ್ನೂ ಎತ್ತಿಕೊಂಡರೆ ವರ್ಷದ ಕೊನೆಗೆ ಒಂದು ಕಣಜವೇ ಉಳಿಯುತ್ತದೆ. ಇವೆಲ್ಲ ಜಾಣತನದ ವಿದ್ಯೆಗಳು. ತಕ್ಕಡಿಯ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವುದು, ತೂಕದ ಬೊಟ್ಟಿನ ತಳವನ್ನು ಕೊರೆಯುವುದು, ಸೇರಿನ ತಳವನ್ನು ಒಳಕ್ಕೆ ತಗ್ಗಿಸುವುದು, ಅಳೆಯುವಾಗ ಹೆಬ್ಬೆರಳನ್ನು ಒಳಗೆ ಬಿಡುವುದು ಮೊದಲಾದವು ಒರಟು ವಿದ್ಯೆಗಳು, ಅವುಗಳ ವಿವರ ಬೇಕಾಗಿಲ್ಲ.

ಈ ವಿದ್ಯೆಗಳು ಬ್ರಿಟಿಷರ ಕಾಲದಲ್ಲಿ ಹುಟ್ಟಿದವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ನಾಲ್ಕನೆಯದು ಹೆಚ್ಚು ಕಡಿಮೆಯಾದ ಮಾನ ಉನ್ಮಾನಗಳನ್ನು ಇಟ್ಟುಕೊಳ್ಳುವುದು. ಐದನೆಯದು ಒಳ್ಳೆಯ ಸರಕಿನ ರೂಪದಲ್ಲಿ ಹುಸಿ ಸರಕನ್ನು ಮಾರುವುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಕೊಡುವ ವಿವರಣೆ ವ್ಯಾಪಾರವನ್ನು ಹತ್ತಿರದಿಂದ ಕಂಡವರ ವಿವರಣೆ. ಪ್ರಸ್ಥ ಮುಂತಾದ ಪಾತ್ರೆಗಳು ಮಾನ, ತಕ್ಕಡಿ ಮುಂತಾದವು ಉನ್ಮಾನ. ಕಿರಿದಾದುದರಿಂದ ಇತರರಿಗೆ ಕೊಟ್ಟು ಹಿರಿದಾದುದರಿಂದ ತಾನು ತೆಗೆದುಕೊಳ್ಳುವುದು ಈ ದೋಷದ ಸ್ವರೂಪ ಎಂಬುದು ಅವರ ಅರ್ಥನಿರೂಪಣೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇದೇ ದೋಷ ಪಟ್ಟಿಯಲ್ಲಿದೆ. ಎರಡು ಸೇರುಗಳ ಅಂಗಡಿ ಆ ಕಾಲದಲ್ಲಿ ಎಲ್ಲೂ ಇಲ್ಲದಿದ್ದರೆ ಶ್ರಾವಕರಿಗಾಗಿ ಬರೆದ ಗ್ರಂಥಗಳಲ್ಲಿ ಅದಕ್ಕೆ ಸ್ಥಾನವೇ ಬೇಕಾಗಿರಲಿಲ್ಲ. ಅಜ್ಜಂದಿರ ಕಾಲದಲ್ಲಿ ಮೋಸವಿರಲಿಲ್ಲವೆಂದು ಹೇಳುವವರು ಆಚಾರ್ಯರು ಯಾರಿಗಾಗಿ ಬರೆದರೆಂಬುದನ್ನು ಒಮ್ಮೆ ಯೋಚಿಸಬೇಕು.

ರಾಜರೂ ಇದರಿಂದ ಹೊರತಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ತೂಕ ಅಳತೆಗಳಿಗೆ ಪ್ರತ್ಯೇಕ ಅಧ್ಯಕ್ಷನನ್ನು ನಿಯಮಿಸುತ್ತದೆ, ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆನ್ನುತ್ತದೆ. ಇಷ್ಟು ಓದಿ ಸಂತೋಷಪಟ್ಟು ಪುಟ ತಿರುವುವವರೇ ಹೆಚ್ಚು. ಅದೇ ಅಧ್ಯಾಯದಲ್ಲಿ ದ್ರೋಣವೆಂಬ ಅಳತೆಗೆ ನಾಲ್ಕು ಬೇರೆ ಬೇರೆ ಪ್ರಮಾಣಗಳಿವೆ. ಬೊಕ್ಕಸಕ್ಕೆ ಬರುವ ಧಾನ್ಯವನ್ನು ಅಳೆಯುವ ದ್ರೋಣ 200 ಪಲ. ಸಾರ್ವಜನಿಕ ವ್ಯವಹಾರದ್ದು ನೂರ ಎಂಬತ್ತೇಳೂವರೆ. ಬೊಕ್ಕಸದಿಂದ ಇತರರಿಗೆ ಕೊಡುವಾಗಿನದು 175. ಅಂತಃಪುರಕ್ಕೆ ಕೊಡುವಾಗಿನದು ನೂರ ಅರವತ್ತೆರಡೂವರೆ. ಕಿರಿದರಲ್ಲಿ ಕೊಟ್ಟು ಹಿರಿದರಲ್ಲಿ ಕೊಳ್ಳುವುದನ್ನು ವರ್ತಕ ಮಾಡಿದರೆ ಅತಿಚಾರ, ರಾಜ್ಯ ಮಾಡಿದರೆ ಅರ್ಥಶಾಸ್ತ್ರ! ಅಂಗಡಿಯವನನ್ನು ಮಾತ್ರ ದೂರುವುದು ನ್ಯಾಯವಾಗದೆಂಬುದಕ್ಕೆ ಇಷ್ಟು ಸಾಕು.

ಇನ್ನು ಸೇರಿನ ಕಾಲದ ಕಥೆಯನ್ನು ಹೇಳುವವರು ಯಾರೆಂಬುದನ್ನು ಗಮನಿಸಬೇಕು. ಸೇರಿಗೆ ಎರಡು ಬದಿಗಳಿದ್ದವು. ಒಂದು ಬದಿಯಲ್ಲಿ ಅದನ್ನು ಹಿಡಿದ ಕೈ, ಇನ್ನೊಂದು ಬದಿಯಲ್ಲಿ ಅದರಿಂದ ಬೀಳುವುದನ್ನು ಸೆರಗಿನಲ್ಲೋ ವಲ್ಲಿಯಲ್ಲೋ ಹಿಡಿದುಕೊಳ್ಳುವ ಕೈ. ದಿನಗೂಲಿ ಮುಗಿಸಿ ಸಂಜೆ ಅರೆಪಾವು ಬೇಳೆ, ಚಟಾಕು ಎಣ್ಣೆ ಕೊಳ್ಳುತ್ತಿದ್ದ ಹೆಂಗಸಿನ ಸ್ಮರಣಸಂಚಿಕೆ ಎಲ್ಲಿಯೂ ಅಚ್ಚಾಗಿಲ್ಲ. ಸಣ್ಣ ಅಳತೆಯಲ್ಲಿಯೇ ನಷ್ಟ ಹೆಚ್ಚು. ಖಂಡುಗ ಕೊಳ್ಳುವವನಿಗೆ ಒಂದು ಹಿಡಿ ಕಡಿಮೆಯಾದರೆ ಲೆಕ್ಕಕ್ಕಿಲ್ಲ, ಪಾವು ಕೊಳ್ಳುವವಳಿಗೆ ಹಾಗೆ ಕಡಿಮೆಯಾಗುವ ಹಿಡಿ ಒಂದು ಮಗುವಿನ ಊಟ. ನೆನಪುಗಳೆಲ್ಲ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬರೆದವುಗಳಾದುದರಿಂದ ಈ ಕಡೆಯ ನೋಟ ಅವುಗಳಲ್ಲಿ ಸಿಗದು.

ಮಾರಲು ಬಂದ ರೈತನ ಕಡೆಯ ನೋಟ ಮಾತ್ರ ಒಂದು ಕಡೆ ದಾಖಲಾಗಿದೆ. ಭಾರತದ ಕೃಷಿಯನ್ನು ಕುರಿತು ನೇಮಕವಾಗಿದ್ದ ರಾಯಲ್ ಆಯೋಗದ ವರದಿ 1928ರಲ್ಲಿ ಹೊರಬಂತು. ಮಂಡಿಗಳಲ್ಲಿ ತಕ್ಕಡಿ ತೂಕಗಳನ್ನು ರೈತನಿಗೆ ವಿರೋಧವಾಗಿ ನಡೆಸಲಾಗುತ್ತಿದೆಯೆಂದೂ, ಬೆಲೆಯ ಮಾತುಕತೆ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಗುಟ್ಟಾಗಿ ನಡೆಯುವುದರಿಂದ ಸರಕಿನ ಒಡೆಯನಿಗೇ ಅದು ತಿಳಿಯದೆಂದೂ, ಮಾದರಿಯ ಹೆಸರಿನಲ್ಲಿ ತೆಗೆದ ಕಾಳಿಗೆ ಹಣ ಸಿಗದೆಂದೂ ಆ ವರದಿಯ ಆಶಯ. ಅದರಲ್ಲಿ ಇನ್ನೊಂದು ಅಂಶವಿದೆ. ಧಾರ್ಮಿಕ ಹಾಗೂ ದಾನದ ಕಾರ್ಯಗಳಿಗೆಂದು ರೈತನ ಹಣದಿಂದ ಮನಬಂದಂತೆ ಕಡಿತ ಮಾಡಲಾಗುತ್ತಿತ್ತು. ಮಂಡಿಯ ಭಾಷೆಯಲ್ಲಿ ಇದು ಧರ್ಮಾದಾಯ. ದಲಾಲಿ, ಹಮಾಲಿ, ತೂಕದವನ ಕೂಲಿ ಇವುಗಳ ಸಾಲಿನಲ್ಲಿಯೇ ಅದೂ ಒಂದು ಕಲಮು. ಕೊಟ್ಟವನು ರೈತ. ಅವನನ್ನು ಯಾರೂ ಕೇಳಲಿಲ್ಲ. ಆ ಹಣದಿಂದ ಛತ್ರ ಕಟ್ಟಿಸಿದಾಗ, ಗೋಶಾಲೆ ನಡೆಸಿದಾಗ, ದೇಗುಲಕ್ಕೆ ಕಲಶವಿಟ್ಟಾಗ ಶಿಲಾಫಲಕದಲ್ಲಿ ಬಂದ ಹೆಸರು ಯಾರದೆಂದು ಹೇಳಬೇಕಾಗಿಲ್ಲ.

ಈ ಸಂಗತಿ ಧರ್ಮಸಂಸ್ಥೆಗಳ ಆಡಳಿತವರ್ಗಕ್ಕೆ ಹಿತವಾಗದಿರಬಹುದು. ಎಲ್ಲ ದಾನವೂ ಹೀಗೆ ಬಂದಿತೆಂದು ಯಾರೂ ಹೇಳುತ್ತಿಲ್ಲ. ಸ್ವಂತ ಗಳಿಕೆಯನ್ನು ಕೊಟ್ಟ ಪುಣ್ಯವಂತರು ಅನೇಕರಿದ್ದರು, ಅವರ ದಾನದ ನೆರಳಿನಲ್ಲಿ ಓದಿ ಮೇಲೆ ಬಂದವರು ಎಲ್ಲ ಸಮಾಜಗಳಲ್ಲಿಯೂ ಇದ್ದಾರೆ. ಆದರೆ ಹಳೆಯ ಮಂಡಿಯ ಕಿರ್ದಿ ಪುಸ್ತಕಗಳು ಯಾವುದಾದರೂ ಸಂಸ್ಥೆಯ ಕಪಾಟಿನಲ್ಲಿ ಇನ್ನೂ ಉಳಿದಿದ್ದರೆ ಅವುಗಳ ಕೆಂಪು ಬಟ್ಟೆಯ ಹೊದಿಕೆಯನ್ನು ಕಂಡು ಮೆಚ್ಚಿ ಮುಚ್ಚಿಡುವುದಕ್ಕಿಂತ ತೆರೆದು ಆ ಒಂದು ಕಲಮನ್ನು ಓದುವುದು ಹೆಚ್ಚು ಪ್ರಯೋಜನಕರ. ಮೈಸೂರು ಸಂಸ್ಥಾನದಲ್ಲಿ 1939ರ ಕಾಯಿದೆಯಿಂದಲೂ, ಏಕೀಕರಣಾನಂತರ 1966ರ ಕಾಯಿದೆಯಿಂದಲೂ ಕೃಷಿ ಮಾರುಕಟ್ಟೆಗಳು ನಿಯಂತ್ರಣಕ್ಕೆ ಬಂದವು. ಮಂಡಿಯ ಧರ್ಮಾತ್ಮರೆಲ್ಲ ಸಾಕಷ್ಟು ಮಂದಿ ಇದ್ದಿದ್ದರೆ ಇಷ್ಟು ಕಾಯಿದೆಗಳ ಶ್ರಮ ಸರ್ಕಾರಗಳಿಗೆ ಬೇಕಾಗುತ್ತಿರಲಿಲ್ಲ.

ಹೊಸ ಪದ್ಧತಿ ಬಂದ ಬಗೆಯನ್ನೂ ಸ್ವಲ್ಪ ನೋಡಬೇಕು, ಏಕೆಂದರೆ ಹಳೆಯದರ ಮೇಲಿನ ಪ್ರೀತಿಯ ಒಂದು ಭಾಗ ಆ ಸಂಧಿಕಾಲದ ತೊಡಕಿನಿಂದ ಹುಟ್ಟಿದ್ದು. ಮೊದಲು ಬಂದುದು ನಾಣ್ಯ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಎಂದಾಯಿತು. ಅದುವರೆಗೆ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಕಾಸು, ನೂರ ತೊಂಬತ್ತೆರಡು ಪೈ. ಒಂದು ಆಣೆಗೆ ಲೆಕ್ಕದಂತೆ ಆರೂಕಾಲು ನಯಾ ಪೈಸೆಯಾಗಬೇಕು. ಕಾಲು ನಯಾ ಪೈಸೆಯ ನಾಣ್ಯವೆಲ್ಲಿದೆ? ಒಂದು ಆಣೆಯ ಸರಕಿಗೆ ಆರು ತೆಗೆದುಕೊಂಡರೆ ಅಂಗಡಿಯವನಿಗೆ ನಷ್ಟ, ಏಳು ಕೇಳಿದರೆ ಗಿರಾಕಿಯ ಜಗಳ. ನಾಲ್ಕು ಬಾರಿ ಬಂದು ಒಂದೊಂದು ಆಣೆಯ ಸಾಮಾನು ಕೊಂಡವನು ಇಪ್ಪತ್ತನಾಲ್ಕು ಕೊಟ್ಟರೆ ಒಮ್ಮೆಗೇ ನಾಲ್ಕಾಣೆಯದನ್ನು ಕೊಂಡವನು ಇಪ್ಪತ್ತೈದು ಕೊಡಬೇಕು. ಈ ಕಾಲು ಪೈಸೆಯ ಕಲಹ ಇಳಿಯುವ ಮೊದಲೇ ತೂಕದ ಸರದಿ ಬಂತು. 1956ರ ಕಾಯಿದೆಯಂತೆ 1958ರ ಅಕ್ಟೋಬರ್‌ನಲ್ಲಿ ಆಯ್ದ ಪ್ರದೇಶಗಳಲ್ಲಿ ಕಿಲೋಗ್ರಾಂ ಕಾಲಿಟ್ಟಿತು. ಪಾತ್ರೆಯ ಅಳತೆಯಿಂದ ಅಡಿಗೆ ಮಾಡುತ್ತಿದ್ದ ಗೃಹಿಣಿಗೆ ಅಂಗಡಿಯಿಂದ ತೂಕದ ಅಕ್ಕಿ ಬಂದಾಗ ತಿಂಗಳಿಗೆ ಎಷ್ಟು ಬೇಕೆಂಬ ಅಂದಾಜೇ ತಪ್ಪಿತು. ಇಂದಿಗೂ ಅಡಿಗೆಮನೆಯಲ್ಲಿ ಪಾವು ಉಳಿದಿದೆ, ಅಲ್ಲಿ ಅದರ ಜಾಗ ನ್ಯಾಯವಾದುದೇ, ಏಕೆಂದರೆ ಅಲ್ಲಿ ಕೊಳ್ಳುವವರೂ ಕೊಡುವವರೂ ಒಬ್ಬರೇ.

ಚಿನಿವಾರಪೇಟೆಯ ಒಂದು ಉದಾಹರಣೆಯನ್ನು ಇಲ್ಲಿಯೇ ಹೇಳಿ ಮುಂದುವರಿಯಬಹುದು. ತೊಲವೆಂಬ ಮಾತು ಉತ್ತರ ಕರ್ನಾಟಕದ ಕಡೆ ಇನ್ನೂ ಚೆನ್ನಾಗಿ ಚಾಲ್ತಿಯಲ್ಲಿದೆ. ಆದರೆ ಈಗ ಕೊಡುವ ತೊಲ ಸಾಮಾನ್ಯವಾಗಿ ಹತ್ತು ಗ್ರಾಂ. ಹೆಸರನ್ನು ಅಜ್ಜನಿಂದಲೂ ತೂಕವನ್ನು ಸರ್ಕಾರದಿಂದಲೂ ತೆಗೆದುಕೊಂಡ ಈ ತೊಲ ಹಳೆಯದಕ್ಕಿಂತ ಒಂದು ಗ್ರಾಂ ಅರುವತ್ತಾರು ಸೆಂಟಿಗ್ರಾಂ ಕಡಿಮೆ. ಬೆಲೆಯೂ ಹತ್ತು ಗ್ರಾಮಿನದೇ ಆದುದರಿಂದ ಇದರಲ್ಲಿ ಮೋಸವಿಲ್ಲ. ಅಜ್ಜಿ ಹತ್ತು ತೊಲದ ಸರ ಮಾಡಿಸಿದ್ದಳೆಂದು ಹೇಳುವ ಮೊಮ್ಮಗಳು ಮಾತ್ರ ತನ್ನ ಹತ್ತು ತೊಲವನ್ನು ಅಜ್ಜಿಯದಕ್ಕೆ ಸಮವೆಂದು ತಿಳಿದಿರುತ್ತಾಳೆ. ಹಳೆಯ ಹೆಸರಿನ ಮೋಹ ಲೆಕ್ಕವನ್ನು ಮಸುಕುಗೊಳಿಸುವ ರೀತಿಗೆ ಇದಕ್ಕಿಂತ ನಿರಪಾಯವಾದ ನಿದರ್ಶನ ಸಿಗಲಾರದು.

ಹಾಗಾದರೆ ಕೊಸರು? ಸೇರಿನ ಕಾಲದ ಪರವಾಗಿ ಹೇಳುವ ಮಾತುಗಳಲ್ಲಿ ನಿಜವಾಗಿ ತೂಕವುಳ್ಳದ್ದು ಇದೊಂದೇ. ಅಳತೆ ಮುಗಿದ ಮೇಲೆ ಅಂಗಡಿಯವನು ಕೈಯಿಂದ ಒಂದಿಷ್ಟು ತೆಗೆದು ಮೇಲೆ ಹಾಕುತ್ತಿದ್ದ. ಜೊತೆಯಲ್ಲಿ ಬಂದ ಮಗುವಿನ ಕೈಗೆ ಒಂದು ಚೂರು ಬೆಲ್ಲವನ್ನೋ ನಾಲ್ಕು ಹುರಿಗಡಲೆಯನ್ನೋ ಇಡುತ್ತಿದ್ದ. ಕೊಸರಿಗೆ ಲೆಕ್ಕವಿಲ್ಲ, ಖಾತೆಯಿಲ್ಲ. ಅದನ್ನು ಸಂದೇಹದಿಂದ ನೋಡುವವರು, ಅಳತೆಯಲ್ಲಿ ಕದ್ದುದರ ಅರ್ಧವನ್ನು ಕೊಸರಾಗಿ ಹಿಂದಿರುಗಿಸುತ್ತಿದ್ದನೆನ್ನಬಹುದು. ಕೆಲವು ಅಂಗಡಿಗಳಲ್ಲಿ ಅದು ನಿಜವೂ ಆಗಿದ್ದಿರಬೇಕು. ಆದರೆ ಕೊಸರಿನ ಅರ್ಥ ಅಷ್ಟಕ್ಕೇ ಮುಗಿಯುವುದಿಲ್ಲ. ಅಳೆಯುವ ಪಾತ್ರೆ ಎಷ್ಟೇ ನಿಷ್ಕೃಷ್ಟವಾಗಿದ್ದರೂ ಕೈಯಲ್ಲಿ ತಪ್ಪು ನಡೆದಿರಬಹುದು, ನಡೆದಿದ್ದರೆ ಆ ತಪ್ಪು ಕೊಳ್ಳುವವನ ಕಡೆಗಿರಲಿ ಎಂಬ ಒಪ್ಪಿಗೆ ಅದರಲ್ಲಿದೆ. ವರ್ತಕನು ತನ್ನ ಅಳತೆಯ ಬಗ್ಗೆ ತಾನೇ ಸಂದೇಹ ಪಡುವ ಕ್ರಿಯೆ ಅದು. ಒಕ್ಕಲುಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎಂದು ಎಣಿಸುತ್ತಿದ್ದುದೂ, ಏಳು ಎಂದರೆ ಎದ್ದುಹೋಗೆಂದಂತಾಗುವುದೆಂದು ಆ ಜಾಗದಲ್ಲಿ ಮತ್ತೊಂದು ಎನ್ನುತ್ತಿದ್ದುದೂ ಅಳತೆಯನ್ನು ಭಯಭಕ್ತಿಯ ವಿಷಯವಾಗಿ ಕಂಡವರ ನಡವಳಿಕೆ. ಆ ಭಯ ಇಂದಿನ ತಕ್ಕಡಿಯ ಮುಂದೆ ಕುಳಿತವನಲ್ಲಿ ಕಾಣುವುದು ಅಪರೂಪ.

ಇನ್ನೊಂದು ಗುಣವನ್ನೂ ಒಪ್ಪಬೇಕು. ಸೇರಿನ ವ್ಯವಹಾರದಲ್ಲಿ ಅಳೆಯುವವನೂ ಕೊಳ್ಳುವವನೂ ಎದುರುಬದುರು ನಿಂತಿರುತ್ತಿದ್ದರು. ಕೊಳ್ಳುವವಳ ಕಣ್ಣು ಸೇರಿನ ಬಾಯಿಯ ಮೇಲಿರುತ್ತಿತ್ತು. ಇನ್ನಷ್ಟು ತುಂಬಿಸಿ ಎಂದು ಕೇಳುವ ಬಾಯಿಯೂ ಅವಳಿಗಿತ್ತು. ಮೋಸ ನಡೆಯುತ್ತಿದ್ದುದು ಆ ಕಣ್ಣನ್ನು ತಪ್ಪಿಸಿ. ಸೇರು ತಾನಾಗಿ ಪ್ರಾಮಾಣಿಕವಾಗಿರಲಿಲ್ಲ, ಅದನ್ನು ಪ್ರಾಮಾಣಿಕವಾಗಿಡುತ್ತಿದ್ದುದು ಎದುರಿನ ಕಣ್ಣು. ಇಂದಿನ ಹಳಹಳಿಕೆಯ ದೊಡ್ಡ ದೋಷ ಇರುವುದು ಇಲ್ಲಿ. ಪಾತ್ರೆಯನ್ನು ತಂದು ಪಡಸಾಲೆಯಲ್ಲಿ ಇಟ್ಟುಕೊಂಡವರು ಆ ಕಣ್ಣನ್ನು ಅಟ್ಟದಲ್ಲಿಯೇ ಬಿಟ್ಟು ಬಂದಿದ್ದಾರೆ.

ಏಕೆಂದರೆ ಸೇರಿಗೆ ಹೂವಿಟ್ಟ ಅದೇ ಮನೆಯ ಅಡಿಗೆಮನೆಯಲ್ಲಿ ಪೊಟ್ಟಣಗಳಿವೆ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ವರ್ಷಗಳಿಂದ ಐದೇ ರೂಪಾಯಿ. ಅದರೊಳಗಿನ ಗ್ರಾಂ ಮಾತ್ರ ಸದ್ದಿಲ್ಲದೆ ಇಳಿಯುತ್ತ ಬಂದಿದೆ. ಸಾಬೂನಿನ ಬಿಲ್ಲೆ ಅದೇ ಬೆಲೆಯಲ್ಲಿ, ಅದೇ ಬಣ್ಣದ ಕಾಗದದಲ್ಲಿ ತೆಳ್ಳಗಾಗಿದೆ. ತೂಕವನ್ನು ಮುದ್ರಿಸಿರುವುದರಿಂದ ಇದು ಕಾಯಿದೆಯ ದೃಷ್ಟಿಯಲ್ಲಿ ಕಳವಲ್ಲ. ಹೊದಿಕೆ ಹಳೆಯದು, ಒಳಗಿನ ಪ್ರಮಾಣ ಹೊಸದು ಎಂದಾಗ ನಾಲ್ಕನೆಯ ಅತಿಚಾರವೂ ಐದನೆಯದೂ ಒಂದೇ ಪೊಟ್ಟಣದಲ್ಲಿ ಸೇರುತ್ತವೆಯೇ ಎಂಬುದನ್ನು ವಿದ್ವಾಂಸರು ವಿಚಾರಿಸಬಹುದು.

ಎಣ್ಣೆಯ ವಿಷಯ ಇದಕ್ಕಿಂತ ರುಚಿಕರವಾಗಿದೆ. ಎಣ್ಣೆಯನ್ನು ಲೀಟರಿನ ಲೆಕ್ಕದಲ್ಲಿ ಮಾರುತ್ತಾರೆ, ಅದು ಗಾತ್ರದ ಅಳತೆ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ. ಒಂದು ಲೀಟರು ಸೋಯಾ ಎಣ್ಣೆ 21 ಡಿಗ್ರಿ ಉಷ್ಣತೆಯಲ್ಲಿ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ತೂಗುತ್ತದೆ. ಕೆಲವು ತಯಾರಕರು ಪೊಟ್ಟಣದ ಮೇಲೆ ಅರವತ್ತು ಡಿಗ್ರಿಯ ಉಷ್ಣತೆಯನ್ನು ಸಣ್ಣ ಅಕ್ಷರದಲ್ಲಿ ನಮೂದಿಸಿ ಲೀಟರೆಂದು ಮಾರುತ್ತಿದ್ದುದು ಬೆಳಕಿಗೆ ಬಂದು, ಉಷ್ಣತೆಯ ಉಲ್ಲೇಖವನ್ನು ಬಿಟ್ಟು ಸರಿಯಾದ ಪರಿಮಾಣವನ್ನು ತೂಕದೊಂದಿಗೆ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟ್‌ನಲ್ಲಿ ನಿರ್ದೇಶಿಸಬೇಕಾಯಿತು. ಕುದಿಯುವ ಬಾಣಲೆಗೆ ಹೋಗುವ ಮೊದಲೇ ಕಾಗದದ ಮೇಲೆ ಬಿಸಿಯಾದ ಎಣ್ಣೆ! ಕಾಳನ್ನು ಎತ್ತರದಿಂದ ಸುರಿಯಬೇಕೋ ಮೆಲ್ಲಗೆ ಜಾರಿಸಬೇಕೋ ಎಂದು ತಿಳಿದಿದ್ದ ಹಳೆಯ ಕೈಗೂ ಇದಕ್ಕೂ ವಿದ್ಯೆಯಲ್ಲಿ ಭೇದವಿಲ್ಲ. ಗಾತ್ರ ತೂಕಗಳ ನಡುವಿನ ಅದೇ ಸಂದಿಯಲ್ಲಿ ಅದೇ ಲಾಭ. ಮೆಟ್ರಿಕ್ ಪದ್ಧತಿಯಿಂದ ಮೋಸ ಹೋಯಿತೆಂದವರೂ, ಅದರಿಂದಲೇ ಮೋಸ ಬಂದಿತೆಂದವರೂ ಈ ಎಣ್ಣೆಯ ಮುಂದೆ ಸಮಾನರು.

ಈಗ ಜಾರಿಯಲ್ಲಿರುವ ಕಾನೂನು ಮಾಪನಶಾಸ್ತ್ರ ಕಾಯಿದೆ 2009ರದು, ಅನ್ವಯಕ್ಕೆ ಬಂದುದು 2011ರ ಏಪ್ರಿಲ್‌ನಲ್ಲಿ. ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆಯಾಗಬೇಕು. ಅಂಕಿ ತೋರಿಸುವ ತಕ್ಕಡಿ ಗಿರಾಕಿಗೆ ಕಾಣುವಂತಿರಬೇಕು, ಸರಕು ಇಡುವ ಮೊದಲು ಸೊನ್ನೆಯನ್ನು ತೋರಿಸಬೇಕು. ಪೊಟ್ಟಣಗಳ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೆಲೆಯೆಂಬುದನ್ನು ಮುದ್ರಿಸುವ ನಿಯಮವೂ ಈಚಿನ ವರ್ಷಗಳಲ್ಲಿ ಬಂದಿದೆ. ಅದು ಸಣ್ಣ ಅಕ್ಷರದಲ್ಲಿದ್ದರೂ ಅಲ್ಲಿದೆ. ಸೇರಿನ ಬಾಯಿಯ ಮೇಲೆ ಕಣ್ಣಿಟ್ಟಿದ್ದ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಓದಲು ಬರುವ ಮೊಮ್ಮಗ ಅದನ್ನು ಓದುತ್ತಾನೆಯೇ?

ಹಳೆಯ ವಸ್ತುಗಳನ್ನು ಕಾಪಾಡಬಾರದೆಂದು ಇದರ ಅರ್ಥವಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ರಾಮನಗರದ ಜಾನಪದ ಲೋಕ ಮುಂತಾದ ಕಡೆ ನಿತ್ಯಜೀವನದ ಹಳೆಯ ವಸ್ತುಗಳನ್ನು ಸಂಗ್ರಹಿಸಿಟ್ಟಿರುವುದು ದೊಡ್ಡ ಉಪಕಾರ. ಸಂಗ್ರಹಿಸಿಡುವುದಕ್ಕೂ ಸಿಂಗರಿಸಿಡುವುದಕ್ಕೂ ವ್ಯತ್ಯಾಸವಿದೆ. ಬಸದಿಗಳ, ಛತ್ರಗಳ ಉಗ್ರಾಣಗಳಲ್ಲಿ ಹಳೆಯ ಕೊಳಗ, ಬಳ್ಳ, ಸೊಲಗೆಗಳು ಇನ್ನೂ ಸಿಗಬಹುದು. ನಂದಾದೀಪಕ್ಕೆ ಇಷ್ಟು ಸೊಲಗೆ ಎಣ್ಣೆ, ಆಹಾರದಾನಕ್ಕೆ ಇಷ್ಟು ಕೊಳಗ ಭತ್ತ ಎಂದು ದತ್ತಿ ಬಿಟ್ಟವರ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳವಾಗಿವೆ. ಆ ಪಾತ್ರೆ ದೊರೆತಾಗ ಬೆಳಗಿಸಿ ಸಭಾಂಗಣದಲ್ಲಿಡುವ ಮೊದಲು ಅದರಲ್ಲಿ ನೀರು ತುಂಬಿ ಎಷ್ಟು ಮಿಲಿಲೀಟರು ಹಿಡಿಯುವುದೆಂದು ಅಳೆದು ಬರೆದಿಟ್ಟರೆ, ತಳದಲ್ಲಿ ಸರ್ಕಾರದ ಮುದ್ರೆಯಿದೆಯೇ, ಯಾವ ವರ್ಷದ್ದು, ಯಾವ ಊರಿನದು ಎಂದು ಗುರುತಿಸಿದರೆ ಮುಂದೆ ಶಾಸನವನ್ನೋದುವವನಿಗೆ ದತ್ತಿಯ ನಿಜವಾದ ಪ್ರಮಾಣ ತಿಳಿಯುತ್ತದೆ. ಒಂದೇ ಉಗ್ರಾಣದಲ್ಲಿ ಎರಡು ಸೇರುಗಳು ದೊರೆತು ಅವುಗಳ ಗಾತ್ರ ಬೇರೆಯಾಗಿದ್ದರೆ ಅದನ್ನೂ ಬರೆದಿಡಬೇಕು. ಒಂದನ್ನು ಮಾತ್ರ ಸಭಾಂಗಣಕ್ಕೆ ತಂದು ಇನ್ನೊಂದನ್ನು ಗುಜರಿಗೆ ಹಾಕಬಾರದು.

ಅದೇ ಉಗ್ರಾಣಕ್ಕೆ ಇಂದು ಅನ್ನದಾನದ ಅಕ್ಕಿ ಬೇಳೆ ಬರುತ್ತವೆ. ಬಂದ ಚೀಲಗಳನ್ನು ತೂಗಿ ಒಳಗಿಡುವ ಪದ್ಧತಿ ಎಷ್ಟು ಕಡೆ ಇದೆ, ಬಾಗಿಲಲ್ಲಿರುವ ತಕ್ಕಡಿಗೆ ಕೊನೆಯ ಮುದ್ರೆ ಬಿದ್ದುದು ಯಾವ ವರ್ಷ, ಇದನ್ನು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಯಾರಾದರೊಬ್ಬರು ಕೇಳಬಹುದು.